ನೀರು ಒಪ್ಪುವ ಗರಿ

ಗಾಳ ಹಾಕುವ ನಮ್ಮವರಿಗೆ ಎರೆಹುಳು ಗೊತ್ತು, ಹಿಟ್ಟಿನ ಉಂಡೆ ಗೊತ್ತು. ಇಂಗ್ಲೆಂಡ್, ಸ್ಕಾಟ್ಲೆಂಡಿನ ಹೊಳೆಗಳಲ್ಲಿ ಟ್ರೌಟ್ ಹಿಡಿಯುವ ಹವ್ಯಾಸಿಗಳು ಕೊಕ್ಕೆಗೆ ಗರಿ, ಕೂದಲು ಸುತ್ತಿ ನೊಣವನ್ನೇ ಕಟ್ಟಿಬಿಡುತ್ತಾರೆ. ಅದಕ್ಕೆ ‘ಫ್ಲೈ’ ಎಂದು ಹೆಸರು. 1496ರಲ್ಲಿ ಅಚ್ಚಾದ ಇಂಗ್ಲಿಷ್ ಗ್ರಂಥವೊಂದರಲ್ಲೇ ಹನ್ನೆರಡು ಬಗೆಯ ಫ್ಲೈಗಳ ವಿವರವಿದೆ.

ಈ ಕಸುಬಿನ ಅರ್ಧ ಜಾಣತನ ಸಾಮಗ್ರಿ ಆರಿಸುವುದರಲ್ಲಿದೆ. ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಫ್ಲೈ ತೇಲಬೇಕೋ, ಮುಳುಗಬೇಕೋ?

ತೇಲಬೇಕಾದರೆ ಹುಂಜದ ಕುತ್ತಿಗೆಯ ಗರಿ ಬೇಕು. ಅದರ ಎಳೆಗಳು ಬಿರುಸು, ಬೇಗನೆ ನೀರು ಕುಡಿಯುವುದಿಲ್ಲ. ಗರಿಯನ್ನು ಬಾಗಿಸಿ ನೋಡಿದರೆ ಎಳೆಗಳು ಬಾಚಣಿಗೆಯ ಹಲ್ಲಿನಂತೆ ನೆಟ್ಟಗೆ ನಿಲ್ಲಬೇಕು. ಎಳೆಯ ಉದ್ದ ಕೊಕ್ಕೆಯ ಬಾಯಿಯ ಅಗಲದ ಒಂದೂವರೆ ಪಟ್ಟು ಇದ್ದರೆ ಸರಿ. ಸುತ್ತಿದ ಮೇಲೆ ಅವು ನೊಣದ ಕಾಲುಗಳಂತೆ ನೀರಿನ ಮೇಲೆ ಊರಿಕೊಳ್ಳುತ್ತವೆ. ಜಿಂಕೆಯ ಕೂದಲೂ ಚೆನ್ನಾಗಿ ತೇಲುತ್ತದೆ, ಅದರೊಳಗೆಲ್ಲ ಗಾಳಿ ತುಂಬಿದ ಪುಟ್ಟ ಗೂಡುಗಳು.

ಮುಳುಗಬೇಕಾದರೆ ಹೇಂಟೆಯ ಇಲ್ಲವೇ ಕವುಜುಗದ ಮೆತ್ತನೆಯ ಗರಿ. ಅದು ನೀರು ಹೀರಿ ಕೆಳಗಿಳಿಯುತ್ತದೆ, ಸೆಳವಿಗೆ ಸಿಕ್ಕಾಗ ಜೀವವಿದ್ದಂತೆ ಮಿಸುಕುತ್ತದೆ. ಮೊಲದ ಕಿವಿಯ ತುಪ್ಪಳವನ್ನು ದಾರಕ್ಕೆ ಹೊಸೆದು ಸುತ್ತಿದರೆ ಒರಟು ಕೂದಲುಗಳು ಹೊರಚಾಚಿ ಹುಳುವಿನ ಕಾಲುಗಳಾಗುತ್ತವೆ.

ಮಿತವ್ಯಯದ ಪಾಠ ಹೇಳಿಕೊಟ್ಟವರು ವಿಲ್ಟ್‌ಷೈರ್‌ನ ಏವನ್ ನದಿಯ ಕಾವಲುಗಾರ ಫ್ರಾಂಕ್ ಸಾಯರ್. ಅವರ ಫ್ಲೈಗೆ ಬೇಕಾದದ್ದು ಎರಡೇ ವಸ್ತು: ಫೆಸೆಂಟ್ ಹಕ್ಕಿಯ ಬಾಲದ ಗರಿಯ ಕೆಲವು ಎಳೆಗಳು, ಕೂದಲಿನಷ್ಟು ತೆಳುವಾದ ತಾಮ್ರದ ತಂತಿ. ದಾರವೇ ಇಲ್ಲ. ತಂತಿಯೇ ಎಳೆಗಳನ್ನು ಬಿಗಿದು ಕಟ್ಟುತ್ತದೆ, ಅದೇ ತೂಕವೂ ಆಗಿ ಫ್ಲೈಯನ್ನು ತಳಕ್ಕೆ ಒಯ್ಯುತ್ತದೆ, ಕೆಂಗಂದು ಎಳೆಗಳ ನಡುವೆ ಇಣುಕಿ ಬಣ್ಣವನ್ನೂ ಕೊಡುತ್ತದೆ.

ಸಾಲ್ಮನ್ ಮೀನಿನ ಫ್ಲೈಗಳ ದಾರಿ ಬೇರೆ. ಹತ್ತೊಂಬತ್ತನೇ ಶತಮಾನದಲ್ಲಿ ಅವುಗಳಿಗಾಗಿ ದೇಶದೇಶಗಳಿಂದ ಬಣ್ಣದ ಗರಿಗಳು ಬ್ರಿಟನ್ನಿಗೆ ಹೋದವು. ‘ಜಾಕ್ ಸ್ಕಾಟ್’ ಎಂಬ ಪ್ರಸಿದ್ಧ ಫ್ಲೈಯ ಪಕ್ಕಗಳಲ್ಲಿ ಕೂತದ್ದು ನಮ್ಮ ಮಲೆನಾಡಿನ ಕಾಡುಕೋಳಿಯ ಕುತ್ತಿಗೆ ಗರಿ, ಮೇಣದ ಹನಿ ಬಿದ್ದಂತೆ ಹೊಳೆಯುವ ಬಿಳಿ ಹಳದಿ ಚುಕ್ಕೆಯದು. ಇಂಥ ಬಣ್ಣದ ಗರಿಗಳ ಹಂಬಲ ಇಂದಿಗೂ ತೀರಿಲ್ಲ. 2009ರಲ್ಲಿ ಇಂಗ್ಲೆಂಡಿನ ಟ್ರಿಂಗ್ ವಸ್ತುಸಂಗ್ರಹಾಲಯದಿಂದ 299 ಹಕ್ಕಿಗಳ ತೊಗಲು ಕಳುವಾದದ್ದು ಇಂಥ ಫ್ಲೈ ಕಟ್ಟುವವರ ಮೋಹಕ್ಕೇ.

ಮೊಟ್ಟೆಯಿಡಲು ನದಿಗೆ ಮರಳುವ ಅಟ್ಲಾಂಟಿಕ್ ಸಾಲ್ಮನ್ ಅಲ್ಲಿ ಆಹಾರವನ್ನೇ ಮುಟ್ಟುವುದಿಲ್ಲ. ಅಪರೂಪದ ಗರಿಯ ಆಸೆ ಮೀನಿನದಲ್ಲ, ಮನುಷ್ಯನದು. ನಮ್ಮಲ್ಲಿ ಕಾಡುಕೋಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಆಸರೆಯಿದೆ. ಫ್ಲೈ ಕಟ್ಟಲು ಕೂರುವವರು ಸಾಕಿದ ಕೋಳಿಯ ಗರಿಯಿಂದ ಶುರು ಮಾಡಲಿ. ಕಾಡುಕೋಳಿಯ ಗರಿ ಕಾಡುಕೋಳಿಯ ಕೊರಳಲ್ಲೇ ಇರಲಿ.