ನಿಮಗಿದು ಗೊತ್ತೆ? ‘ಚಾಳೀಸು’ ಅಂದರೆ ನಲವತ್ತು!

ಓದುವ ಕನ್ನಡಕಕ್ಕೆ ನಮ್ಮ ಹಿರಿಯರು ‘ಚಾಳೀಸು’ ಎನ್ನುತ್ತಿದ್ದರು. ಹಿಂದಿಯ ಚಾಲೀಸ್, ಮರಾಠಿಯ ಚಾಳೀಸ್ ಎಂದರೆ ನಲವತ್ತು. ಆ ವಯಸ್ಸಿನ ಆಸುಪಾಸಿನಲ್ಲಿ ಕಣ್ಣಿನೊಳಗಿನ ಮಸೂರ ಬಾಗುವ ಗುಣ ಕಳೆದುಕೊಳ್ಳುತ್ತದೆ, ಹತ್ತಿರದ್ದು ಮಸುಕಾಗುತ್ತದೆ. ಇದು ರೋಗವಲ್ಲ, ಎಲ್ಲರಿಗೂ ಬರುವಂಥದ್ದು. ಆದರೆ ಕನ್ನಡಕ ಎಲ್ಲರಿಗೂ ಸಿಗುವುದಿಲ್ಲ ಎಂಬುದೇ ನೋವಿನ ಸಂಗತಿ.

ಈ ಕೊರತೆ ನೀಗಲು ಹೆಜ್ಜೆ ಇಟ್ಟ ರಾಜ್ಯಗಳಲ್ಲಿ ನೆರೆಯ ತೆಲಂಗಾಣವೂ ಒಂದು. ಅದರೊಂದಿಗೆ ನಮ್ಮ ನಂಟು ಹಳೆಯದು: 1956ರವರೆಗೆ ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು. ತಾಂಡೂರು ಕಲಬುರಗಿ ಜಿಲ್ಲೆಯಲ್ಲಿತ್ತು. ಇಂದು ಮೂರೂ ತೆಲಂಗಾಣದಲ್ಲಿವೆ. ಕನ್ನಡದ ನಂಟು ಮಾತ್ರ ಇನ್ನೂ ಉಳಿದಿದೆ. ತೊಗರಿಗೆ ಹೆಸರಾದ ತಾಂಡೂರಿನ ಕಡೆ ಬೇಳೆಯಲ್ಲಿನ ಕಲ್ಲು ಆರಿಸಬೇಕಾದರೂ ಹತ್ತಿರದ ನೋಟ ಚೆನ್ನಾಗಿರಬೇಕಲ್ಲವೇ?

ತೆಲಂಗಾಣ ಸರ್ಕಾರ 2018ರ ಆಗಸ್ಟ್ 15ರಂದು ‘ಕಂಟಿ ವೆಲುಗು’ (ಕಣ್ಣಿನ ಬೆಳಕು) ಯೋಜನೆ ಆರಂಭಿಸಿತು. ಉದ್ಘಾಟನೆ ನಡೆದದ್ದು ರಾಜಧಾನಿಯಲ್ಲಲ್ಲ, ಮೆದಕ್ ಜಿಲ್ಲೆಯ ಮಲ್ಕಾಪುರ ಎಂಬ ಹಳ್ಳಿಯಲ್ಲಿ. ರೋಗಿ ಆಸ್ಪತ್ರೆ ಹುಡುಕಿ ಹೋಗುವ ಬದಲು ತಪಾಸಣಾ ತಂಡವೇ ಊರಿಗೆ ಬಂತು. ಬೇಕಾದವರಿಗೆ ಕನ್ನಡಕ ಉಚಿತವಾಗಿ ಸಿಕ್ಕಿತು. 2023ರ ಜನವರಿಯಲ್ಲಿ ಎರಡನೇ ಹಂತ ಖಮ್ಮಂನಲ್ಲಿ ಶುರುವಾಯಿತು.

ಕನ್ನಡಕ ಸಿಕ್ಕರೆ ದುಡಿಮೆಯೂ ಬದಲಾಗುತ್ತದೆ. ಅಸ್ಸಾಂನ ಟೀ ತೋಟದಲ್ಲಿ 40 ದಾಟಿದ ಕಾರ್ಮಿಕರಿಗೆ ಹತ್ತಿರದ ನೋಟದ ಕನ್ನಡಕ ಕೊಟ್ಟು ನಡೆಸಿದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕನ್ನಡಕವಿಲ್ಲದವರಿಗೆ ಹೋಲಿಸಿದರೆ ಅವರ ಎಲೆ ಕೀಳುವ ಕೆಲಸ ಶೇ 22ರಷ್ಟು ಹೆಚ್ಚಿತ್ತು.

ನಿಮ್ಮ ಮನೆಯಲ್ಲಿ ಅವ್ವ ಸೂಜಿಗೆ ದಾರ ಪೋಣಿಸಲು ಮೊಮ್ಮಕ್ಕಳನ್ನು ಕರೆಯುತ್ತಿದ್ದರೆ, ಈ ವಾರವೇ ಅವರ ಕಣ್ಣಿನ ಪರೀಕ್ಷೆ ಮಾಡಿಸಿ.