ಬಾಣಕ್ಕೆ ಬಾಲ ಯಾಕೆ ಬೇಕು?

ದೀಪಾವಳಿಯ ರಾಕೆಟ್ಟಿನ ಕಡ್ಡಿ ಮುರಿದು ಹಚ್ಚಿ ನೋಡಿದ ಹುಡುಗರು ದಾವಣಗೆರೆಯ ಯಾವ ಓಣಿಯಲ್ಲಾದರೂ ಸಿಗುತ್ತಾರೆ. ಹಾಗೆ ಹಚ್ಚಿದ ರಾಕೆಟ್ ಮೇಲೇರುವುದಿಲ್ಲ. ನೆಲದ ಮೇಲೆ ಹೊರಳಿ, ದಿಕ್ಕು ತಪ್ಪಿ, ಯಾರದೋ ಅಂಗಳಕ್ಕೆ ನುಗ್ಗುತ್ತದೆ. ಮದ್ದು ಅಷ್ಟೇ ಇತ್ತು, ಬೆಂಕಿಯೂ ಅಷ್ಟೇ ಇತ್ತು. ಇಲ್ಲವಾದದ್ದು ಒಂದು ಕಡ್ಡಿ ಮಾತ್ರ. ಮಾದರಿ ರಾಕೆಟ್ ಕಟ್ಟುವ ವಿದ್ಯೆಯ ಮುಕ್ಕಾಲು ಪಾಲು ಆ ಕಡ್ಡಿಯಲ್ಲೇ ಇದೆ.

ಆ ವಿದ್ಯೆ ನಮಗೆ ಹೊಸದಲ್ಲ. 2018ರಲ್ಲಿ ನೆರೆಯ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ ಪಾಳುಬಾವಿಯೊಂದರ ಹೂಳು ತೆಗೆದಾಗ ಟಿಪ್ಪುವಿನ ಕಾಲದ 1,000ಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕವು. ಕಬ್ಬಿಣದ ಕೊಳವೆಯೊಳಗೆ ಮದ್ದನ್ನು ಬಿಗಿಯಾಗಿ ತುಂಬಬಹುದಾದ್ದರಿಂದ ಮೈಸೂರಿನ ಬಾಣ ದೂರ ಹೋಗುತ್ತಿತ್ತು ಎಂದು ಎಲ್ಲರೂ ಹೇಳುತ್ತಾರೆ, ನಿಜವೂ ಹೌದು. ಆದರೆ ಆ ಕೊಳವೆಗೆ ಕಟ್ಟುತ್ತಿದ್ದ ಉದ್ದನೆಯ ಬಿದಿರಿನ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಅದಿಲ್ಲದಿದ್ದರೆ 1780ರ ಪೊಳ್ಳಿಲೂರು ಕದನದಲ್ಲಿ ಆ ಬಾಣಗಳು ಬಿಟ್ಟವರ ಮೇಲೆಯೇ ತಿರುಗಿ ಬೀಳುತ್ತಿದ್ದವು.

ಇವತ್ತಿನ ಮಾದರಿ ರಾಕೆಟ್ ಕಿಟ್ಟಿನಲ್ಲಿ ಬಿದಿರಿನ ಜಾಗಕ್ಕೆ ರೆಕ್ಕೆಗಳು ಬಂದಿವೆ. ಪೆಟ್ಟಿಗೆ ಬಿಚ್ಚಿದರೆ ರಟ್ಟಿನ ಕೊಳವೆ, ಮೂತಿ, ಹಗುರವಾದ ಬಾಲ್ಸಾ ಮರದ ಮೂರೋ ನಾಲ್ಕೋ ರೆಕ್ಕೆ, ಪ್ಲಾಸ್ಟಿಕ್ ಹಾಳೆಯ ಪ್ಯಾರಾಚೂಟ್, ಮೂತಿಯನ್ನು ಕೊಳವೆಗೆ ಕಟ್ಟುವ ಎಲಾಸ್ಟಿಕ್ ದಾರ ಸಿಗುತ್ತವೆ. ಮದ್ದು ತುಂಬಿದ ಸಿದ್ಧ ಮೋಟರ್ ಬೇರೆ. ಅದರ ಮೈಮೇಲೆ 'ಬಿ6-4' ಎಂದಿದ್ದರೆ ಹೀಗೆ ಓದಬೇಕು: 'ಬಿ' ಎಂದರೆ ಒಟ್ಟು ತಳ್ಳುಬಲ 2.5ರಿಂದ 5 ನ್ಯೂಟನ್-ಸೆಕೆಂಡ್, 6 ಎಂದರೆ ಸರಾಸರಿ 6 ನ್ಯೂಟನ್ ನೂಕು, 4 ಎಂದರೆ ಮದ್ದು ಮುಗಿದ 4 ಸೆಕೆಂಡಿನ ಮೇಲೆ ಪ್ಯಾರಾಚೂಟನ್ನು ಹೊರದೂಡುವ ಪುಟ್ಟ ಸಿಡಿತ. ಅಕ್ಷರ ಒಂದು ಮೆಟ್ಟಿಲು ಮುಂದೆ ಹೋದರೆ ಬಲದ ಮಿತಿ ಇಮ್ಮಡಿ.

ಈಗ ಕಡ್ಡಿಯ ಗುಟ್ಟು. ಹಾರುವ ಪ್ರತಿ ರಾಕೆಟ್ಟಿನಲ್ಲೂ ಎರಡು ಬಿಂದುಗಳಿವೆ. ಒಂದು ಅದರ ತೂಕವೆಲ್ಲ ಸಮತೂಗುವ ಜಾಗ. ಬೆರಳ ಮೇಲೆ ಅಡ್ಡವಾಗಿಟ್ಟರೆ ಅದು ತಾನಾಗಿ ತಿಳಿಯುತ್ತದೆ. ಇನ್ನೊಂದು, ಪಕ್ಕದಿಂದ ಬಡಿಯುವ ಗಾಳಿಯ ಒತ್ತಡವೆಲ್ಲ ಒಟ್ಟಾಗಿ ಬಿದ್ದಂತಾಗುವ ಜಾಗ. ರಾಕೆಟ್ ಹಾರುತ್ತ ತುಸು ವಾಲಿತೆನ್ನಿ. ಅದು ತಿರುಗುವುದು ತೂಕದ ಬಿಂದುವಿನ ಸುತ್ತ. ಗಾಳಿಯ ಬಿಂದು ಅದಕ್ಕಿಂತ ಹಿಂದಿದ್ದರೆ ಗಾಳಿ ಬಾಲವನ್ನು ಸರಿಯಾದ ಜಾಗಕ್ಕೆ ದೂಡಿ ಮೂತಿಯನ್ನು ನೇರ ಮಾಡುತ್ತದೆ. ಮುಂದಿದ್ದರೆ ಅದೇ ಗಾಳಿ ಮೂತಿಯನ್ನೇ ತಿರುಗಿಸಿ ಬಿಸಾಡುತ್ತದೆ. ಕಡ್ಡಿ ಮುರಿದಾಗ ಆಗುವುದು ಇದೇ.

ತೂಕದ ಬಿಂದು ಗಾಳಿಯ ಬಿಂದುವಿಗಿಂತ ಕನಿಷ್ಠ ಒಂದು ಕೊಳವೆಯ ಅಗಲದಷ್ಟು ಮುಂದಿರಬೇಕು ಎಂಬುದು ಕಟ್ಟುವವರ ಸೂತ್ರ. ಲೆಕ್ಕ ಬೇಡವೆಂದರೆ, ಮೋಟರ್ ಸಮೇತ ಸಮತೂಗುವ ಜಾಗಕ್ಕೆ ಎರಡು ಮೂರು ಮೀಟರ್ ದಾರ ಕಟ್ಟಿ, ಬಯಲಿನಲ್ಲಿ ನಿಂತು ತಲೆಯ ಸುತ್ತ ಬೀಸಿ. ಮೂತಿ ಮುಂದಾಗಿ ಸುತ್ತಿದರೆ ಹಾರಿಸಬಹುದು. ಬಾಲ ಮುಂದಾದರೆ ಅಥವಾ ಪಲ್ಟಿ ಹೊಡೆದರೆ ಹಾರಿಸಬೇಡಿ.

ನಮ್ಮಿಷ್ಟದಂತೆ ಬದಲಿಸಲು ಹೊರಟಾಗಲೇ ಈ ಪರೀಕ್ಷೆಯ ಬೆಲೆ ಗೊತ್ತಾಗುವುದು. ಬಾಲದ ಕಡೆ ಎರಡು ಸಲ ಬಣ್ಣ ಬಳಿದರೂ, ಗೋಂದು ಧಾರಾಳವಾಗಿ ಸುರಿದರೂ ತೂಕ ಹಿಂದಕ್ಕೆ ಸರಿಯುತ್ತದೆ. ಆಗ ಮೂತಿಯೊಳಗೆ ಒಂದು ಉಂಡೆ ಜೇಡಿಮಣ್ಣು ಮೆತ್ತಿದರೆ ಸಾಕು. ರೆಕ್ಕೆ ದೊಡ್ಡದು ಮಾಡಿದರೆ ಗಾಳಿಯ ಬಿಂದು ಹಿಂದೆ ಹೋಗುತ್ತದೆ, ಒಳ್ಳೆಯದೇ. ಆದರೆ ಅತಿಯಾದರೆ ರಾಕೆಟ್ ಗಾಳಿಕೋಳಿಯಂತೆ ಬೀಸುಗಾಳಿಗೆ ಮುಖ ತಿರುಗಿಸಿ ಓರೆಯಾಗಿ ಹೋಗುತ್ತದೆ. ಆಷಾಢದ ಗಾಳಿಯಲ್ಲಂತೂ ಹಾರಿಸಲೇಬಾರದು. ರೆಕ್ಕೆ ಕತ್ತರಿಸುವಾಗ ಮರದ ಎಳೆ ಮುಂಚೂಣಿಯ ಅಂಚಿಗೆ ಸಮನಾಗಿರಲಿ, ಇಲ್ಲವಾದರೆ ಮೊದಲ ಇಳಿತದಲ್ಲೇ ಮುರಿಯುತ್ತದೆ. ಕೊಳವೆಯಿಂದ ಹಿಂದಕ್ಕೆ ಚಾಚುವ ರೆಕ್ಕೆ ನೋಡಲು ಚೆಂದ, ಬಾಳಿಕೆ ಕಡಿಮೆ.

ಮೂತಿ ಸೂಜಿಯಂತೆ ಚೂಪಾಗಿರಬೇಕು ಎಂಬುದು ತಪ್ಪು ತಿಳಿವಳಿಕೆ. ಶಬ್ದಕ್ಕಿಂತ ಕಡಿಮೆ ವೇಗದಲ್ಲಿ ತುದಿ ದುಂಡಗಿರುವ ಮೂತಿಯೇ ಮೇಲು. ಇಂಥದ್ದನ್ನು ಹಗುರ ಮರದಲ್ಲಿ ಕಡೆಯಲು ಹರಿಹರಕ್ಕಿಂತ ಒಳ್ಳೆಯ ಊರು ಯಾವುದಿದೆ? 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದೇಶಕ್ಕೆಲ್ಲ ಲೇತ್ ಕೊಟ್ಟ ಊರು ಅದು. ಕಾರ್ಖಾನೆ ಮುಚ್ಚಿತು, ಆದರೂ ಶಾಲೆಯ ಹುಡುಗಿಯೊಬ್ಬಳು ತನ್ನ ರಾಕೆಟ್ಟಿನ ಮೂತಿಯನ್ನು ಆ ಊರಿನ ಲೇತಿನಲ್ಲಿ ಕಡೆಸಿಕೊಂಡರೆ ನನಗೆ ಬಲು ಸಂತೋಷ.

ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು: ಮದ್ದನ್ನು ಮನೆಯಲ್ಲಿ ಬೆರೆಸಬೇಡಿ. ಪರವಾನಗಿಯಿಲ್ಲದೆ ಸ್ಫೋಟಕ ತಯಾರಿಸುವುದು 1884ರ ಕಾಯ್ದೆಯ ಪ್ರಕಾರ ಅಪರಾಧ, ಅದಕ್ಕಿಂತ ಮೊದಲು ಕೈ ಕಣ್ಣಿನ ಪ್ರಶ್ನೆ. ಅಮೆರಿಕದಲ್ಲಿ 1950ರ ದಶಕದಲ್ಲಿ ಆರ್ವಿಲ್ ಕಾರ್ಲೈಲ್ ಎಂಬ ಚಪ್ಪಲಿ ಅಂಗಡಿಯಾತ ಸಿದ್ಧ ಮೋಟರಿನ ಮಾದರಿ ರಾಕೆಟ್ ರೂಪಿಸಿದ ಮೇಲೆ ಈ ಹವ್ಯಾಸ ಸುರಕ್ಷಿತವಾಗಿ ಬೆಳೆದದ್ದು, ಮದ್ದು ಕಟ್ಟುವ ಕೆಲಸ ಮಕ್ಕಳ ಕೈಯಿಂದ ದೂರವಾದ್ದರಿಂದ. ಮೋಟರ್ ಸಿಗದಿದ್ದರೆ ನೀರಿದೆ. ಕೂಲ್‌ಡ್ರಿಂಕ್ ಬಾಟಲಿಗೆ ಅದೇ ಮೂತಿ, ಅದೇ ರೆಕ್ಕೆ ಅಂಟಿಸಿ, ಮೂರರಲ್ಲೊಂದು ಪಾಲು ನೀರು ತುಂಬಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದರೆ ನೀರು ಕೆಳಗೆ ಚಿಮ್ಮಿ ಬಾಟಲಿ ಮೇಲೆ ಹಾರುತ್ತದೆ. ಎರಡು ಬಿಂದುಗಳ ನಿಯಮ ಇದಕ್ಕೂ ಅದೇ. ಕುಡಿಯುವ ನೀರಿನ ತೆಳು ಬಾಟಲಿ ಬೇಡ, ಒತ್ತಡಕ್ಕೆ ಒಡೆದೀತು. ಹಿರಿಯರೊಬ್ಬರು ಜೊತೆಗಿರಲಿ, ಉಳಿದವರು ದೂರ ನಿಲ್ಲಲಿ.

ಭತ್ತದ ಕೊಯ್ಲು ಮುಗಿದ ಮೇಲೆ ಭದ್ರಾ ನಾಲೆಯ ಬಯಲು ಕೆಲವು ವಾರ ಖಾಲಿ ಇರುತ್ತದೆ. ಗದ್ದೆಯವರನ್ನು ಕೇಳಿ, ಕರೆಂಟಿನ ತಂತಿಯಿಲ್ಲದ ಜಾಗ ನೋಡಿ, ಗಾಳಿ ನಿಂತ ಬೆಳಗ್ಗೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ.