ಕೈಸರನ ನಾಣ್ಯವೂ ಕನ್ಯಾಸ್ತ್ರೀಯ ಸಂಬಳವೂ



ನಮ್ಮ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಹೋದವರು ನಾಗರಕಲ್ಲುಗಳ ಸಾಲನ್ನು ನೋಡಿದ ಮೇಲೆ ಹುತಾತ್ಮರ ಸ್ಮಾರಕದ ಮುಂದೆಯೂ ಒಂದು ಕ್ಷಣ ನಿಲ್ಲುತ್ತಾರೆ. 1938ರ ಏಪ್ರಿಲ್ 25ರಂದು ಅಲ್ಲಿ ನೆರೆದಿದ್ದ ಸತ್ಯಾಗ್ರಹಿಗಳ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಧ್ವಜ ಹಾರಿಸುವ ಹಕ್ಕಿನೊಂದಿಗೆ ಅಂದಿನ ಜನ ಕೇಳುತ್ತಿದ್ದುದು ಜವಾಬ್ದಾರಿ ಸರ್ಕಾರವನ್ನು, ಅಂದರೆ ಪ್ರಜೆಗಳಿಗೆ ಲೆಕ್ಕ ಒಪ್ಪಿಸುವ ಸರ್ಕಾರವನ್ನು. ಅಂತಹ ಸರ್ಕಾರವನ್ನು ಪಡೆದ ಪ್ರಜೆ ತಾನೂ ಲೆಕ್ಕ ಒಪ್ಪಿಸಬೇಕಲ್ಲವೇ?

ಈ ಪ್ರಶ್ನೆ ನಮ್ಮ ಧಾರ್ಮಿಕ ಭಗಿನಿಯರ ಬಾಗಿಲಿಗೇ ಬಂದು ನಿಂತಿದೆ. ಅನುದಾನಿತ ಶಾಲೆಗಳಲ್ಲಿ ಬೋಧಿಸುವ ಕನ್ಯಾಸ್ತ್ರೀಯರು ಮತ್ತು ಧಾರ್ಮಿಕ ಸಭೆಗಳ ಗುರುಗಳು ಸರ್ಕಾರದಿಂದ ಸಂಬಳ ಪಡೆಯುತ್ತಾರೆ. ಬಡತನದ ವ್ರತ ಕೈಗೊಂಡ ಅವರು ಅದನ್ನು ತಮಗಾಗಿ ಇಟ್ಟುಕೊಳ್ಳುವುದಿಲ್ಲ. ಸದಸ್ಯರು ದುಡಿದು ಗಳಿಸಿದ್ದು ಸಭೆಗೇ ಸೇರುತ್ತದೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 668ನೆಯ ವಿಧಿಯೂ ಹೇಳುತ್ತದೆ. 1944ರಲ್ಲಿಯೂ 1977ರಲ್ಲಿಯೂ ಹೊರಬಿದ್ದ ತೆರಿಗೆ ಮಂಡಳಿಯ ಸುತ್ತೋಲೆಗಳು, ಮಿಷನರಿಗಳು ಸಭೆಗೆ ಒಪ್ಪಿಸುವ ಶುಲ್ಕಕ್ಕೆ ವಿನಾಯಿತಿ ನೀಡಿದ್ದವು. ಅದೇ ವಿನಾಯಿತಿ ಸಂಬಳಕ್ಕೂ ಅನ್ವಯಿಸುತ್ತದೆಂದು ನಮ್ಮವರು ನಂಬಿದ್ದರು.

ಮುಂದೆ ಸಂಬಳದಿಂದಲೇ ತೆರಿಗೆ ಮುರಿದುಕೊಳ್ಳಬೇಕೆಂದು ಇಲಾಖೆ ಸೂಚಿಸಿದಾಗ ವ್ಯಾಜ್ಯ ಹುಟ್ಟಿತು. 2019ರಲ್ಲಿ ಮದರಾಸು ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠ ಇಲಾಖೆಯ ಪರ ತೀರ್ಪಿತ್ತಿತು. ತಮಿಳುನಾಡು ಮತ್ತು ಕೇರಳದಿಂದ ಬಂದ 93 ಮೇಲ್ಮನವಿಗಳನ್ನು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 7ರಂದು ವಜಾ ಮಾಡಿತು. ಈ ತೀರ್ಪಿಗೆ ಕರ್ನಾಟಕವೂ ಹೊರತಲ್ಲ.

ತೀರ್ಪಿನ ತರ್ಕವನ್ನು ಸಮಾಧಾನದಿಂದ ಪರಿಶೀಲಿಸೋಣ. ಹಣ ಯಾರ ಕೈಗೆ ಆದಾಯವಾಗಿ ಬಂದಿತು ಎಂಬುದು ಒಂದು ಪ್ರಶ್ನೆ. ಬಂದ ಮೇಲೆ ಅದು ಎಲ್ಲಿಗೆ ಹೋಯಿತು ಎಂಬುದು ಇನ್ನೊಂದು. ಅಧ್ಯಾಪಕಿಯಾಗಿ ನೇಮಕಗೊಂಡವರು ಭಗಿನಿ. ಪಾಠ ಹೇಳುವವರೂ ಅವರೇ. ಆದುದರಿಂದ ಸಂಬಳ ಮೊದಲು ಅವರದು. ಆಮೇಲೆ ಸಭೆಗೆ ಒಪ್ಪಿಸುವುದು ಆ ಆದಾಯದ ವಿನಿಯೋಗ. ವ್ರತವು ದೇವರ ಮುಂದೆ ಕಟ್ಟಿಕೊಂಡ ಬಂಧನವೇ ಹೊರತು, ಸಂಬಳ ಕೊಡುವ ಸರ್ಕಾರವನ್ನು ಕಟ್ಟಿಹಾಕುವ ಕರಾರಲ್ಲ.

ನೋವಿಲ್ಲವೆಂದಲ್ಲ. ಆ ಸಂಬಳದಿಂದ ವಿದ್ಯಾರ್ಥಿನಿಲಯಗಳು ನಡೆಯುತ್ತವೆ, ವೃದ್ಧ ಭಗಿನಿಯರ ಔಷಧದ ಖರ್ಚು ಸಾಗುತ್ತದೆ. "ಫಾದರ್, ನನ್ನದೇ ಅಲ್ಲದ ಹಣಕ್ಕೆ ನಾನೇಕೆ ತೆರಿಗೆ ಕಟ್ಟಲಿ?" ಎಂದು ಒಬ್ಬ ಹಿರಿಯ ಭಗಿನಿ ನನ್ನನ್ನು ಕೇಳಿದರು. ಬಡತನದ ವ್ರತ ಆಸ್ತಿಯನ್ನು ಬಿಡಿಸುತ್ತದೆ, ಪೌರತ್ವವನ್ನು ಬಿಡಿಸುವುದಿಲ್ಲ ಎಂದೆ. ಅವರಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ.

ಆದರೆ ಭಯಕ್ಕೆ ಕಾರಣವಿಲ್ಲ. 2025–26ರ ಆರ್ಥಿಕ ವರ್ಷದಿಂದ ಹೊಸ ತೆರಿಗೆ ಪದ್ಧತಿಯಲ್ಲಿ, 75,000 ರೂಪಾಯಿಯ ಪ್ರಮಾಣಿತ ಕಡಿತದ ನಂತರ ಸಂಬಳದಾರರ ಆದಾಯ 12 ಲಕ್ಷ ಮೀರದಿದ್ದರೆ ತೆರಿಗೆ ಇಲ್ಲ. ಹಾಗೆಂದು ರಿಟರ್ನ್ಸ್ ಸಲ್ಲಿಸದೆ ಬಿಡಬಾರದು. ಆದಾಯ 4 ಲಕ್ಷ ದಾಟಿದವರು ತೆರಿಗೆ ಬಾರದಿದ್ದರೂ ಗಡುವಿನೊಳಗೆ ಅದನ್ನು ಸಲ್ಲಿಸಬೇಕು. ಹೆಚ್ಚಾಗಿ ಮುರಿದುಕೊಂಡ ಹಣ ಮರಳಿ ಬರುವ ದಾರಿಯೂ ಅದೇ. ಶಾಲೆ, ಆಸ್ಪತ್ರೆ ನಡೆಸುವ ಸಂಸ್ಥೆಗಳು ಆದಾಯದ ಶೇಕಡಾ 85ರಷ್ಟನ್ನು ಧ್ಯೇಯಕ್ಕಾಗಿಯೇ ವಿನಿಯೋಗಿಸಬೇಕು, ನೋಂದಣಿಯನ್ನು ಕಾಲಕಾಲಕ್ಕೆ ನವೀಕರಿಸಬೇಕು, ಲೆಕ್ಕಪತ್ರಗಳನ್ನು ಸರಿಯಾಗಿಡಬೇಕು. 2,000 ರೂಪಾಯಿ ಮೀರಿದ ನಗದು ದಾನಕ್ಕೆ ದಾನಿಗೆ ತೆರಿಗೆ ರಿಯಾಯಿತಿ ದೊರೆಯುವುದಿಲ್ಲ.

ನನ್ನದೇ ಒಂದು ಪರೀಕ್ಷೆಯನ್ನು ಹೇಳಿಬಿಡುತ್ತೇನೆ. ಹಲವು ವರ್ಷಗಳ ಹಿಂದೆ ಶಾಲಾ ಸಂಸ್ಥೆಯೊಂದರ ಕಾರ್ಯದರ್ಶಿಯಾಗಿದ್ದಾಗ, ಪರಿಚಿತರೊಬ್ಬರು 25,000 ರೂಪಾಯಿ ಮುಂದಿಟ್ಟು 50,000ಕ್ಕೆ ರಸೀದಿ ಕೇಳಿದರು. ತರಗತಿಯ ಮಾಡು ಸೋರುತ್ತಿತ್ತು. ಆ ರಾತ್ರಿ ನನ್ನ ಮನಸ್ಸು ಓಲಾಡಿತೆಂಬುದನ್ನು ಮುಚ್ಚಿಡಲಾರೆ. ಬೆಳಿಗ್ಗೆ ಹಣ ಹಿಂದಿರುಗಿಸಿದೆ. ಅವರು ಮುನಿಸಿಕೊಂಡರು, ಆ ಮಳೆಗಾಲವೆಲ್ಲ ಮಕ್ಕಳು ಬೆಂಚುಗಳನ್ನು ಸರಿಸಿಕೊಂಡು ಕುಳಿತರು. ಆದರೆ ಸುಳ್ಳು ರಸೀದಿಯ ಮಾಡಿನ ಕೆಳಗೆ ನಿಂತು ಸತ್ಯವನ್ನು ಬೋಧಿಸುವುದು ನನ್ನಿಂದ ಆಗುತ್ತಿರಲಿಲ್ಲ.

1930ರ ದಶಕದ ಆರಂಭದಲ್ಲಿ ಅಂಕೋಲ, ಸಿದ್ದಾಪುರಗಳ ರೈತರು ಕರನಿರಾಕರಣೆ ಮಾಡಿ ಜಮೀನು ಕಳೆದುಕೊಂಡರು. ಅವರು ಪರಕೀಯರ ಆಳ್ವಿಕೆಗೆ ಬಹಿರಂಗವಾಗಿ ಇಲ್ಲವೆಂದರು, ಅದರ ಬೆಲೆಯನ್ನೂ ತೆತ್ತರು. ಬಿಲ್ಲಿಲ್ಲದೆ ಒಡವೆ ಕೊಳ್ಳುವ, ಬಾಡಿಗೆಯನ್ನು ಬಚ್ಚಿಡುವ ನಮ್ಮ ಜಾಣತನವನ್ನು ಅವರ ತ್ಯಾಗದ ಪಕ್ಕದಲ್ಲಿ ಇಡಲಾದೀತೇ? ನಾವು ಉಳಿಸಿಕೊಂಡ ಪ್ರತಿ ರೂಪಾಯಿಯೂ ಯಾವುದೋ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ತಲುಪಬೇಕಾದದ್ದು.

ಕೈಸರನದನ್ನು ಕೈಸರನಿಗೆ ಕೊಡಬೇಕೆಂದ ಯೇಸುಸ್ವಾಮಿ, ದೇವರದನ್ನು ದೇವರಿಗೆ ಕೊಡಬೇಕೆಂದೂ ಹೇಳಿದರು. ನಾಣ್ಯದ ಮೇಲೆ ಕೈಸರನ ಮುದ್ರೆಯಿತ್ತು; ಮನುಷ್ಯನ ಅಂತರಂಗದ ಮೇಲಿರುವುದು ದೇವರ ಮುದ್ರೆ. ತೆರಿಗೆಯ ಲೆಕ್ಕ ಬರೆಯುವ ಕೈಯನ್ನು ನಡೆಸುವುದು ಆ ಅಂತರಂಗವೇ. ಈ ವರ್ಷ ಆ ಕಾಗದಕ್ಕೆ ಸಹಿ ಹಾಕುವ ಮುನ್ನ, ಪಾಪನಿವೇದನೆಗೆ ಮೊದಲು ಮಾಡುವಂತೆ, ಒಂದು ಗಳಿಗೆ ಆತ್ಮಪರಿಶೀಲನೆ ಮಾಡಿಕೊಳ್ಳೋಣ.